ಕಲ್ಕತ್ತದ ಮನೆ ಮಾರಿದ್ದು

ಅಪ್ಪ ಜಿಯಾಲಾಜಿಕಲ್ ಸರ್ವೆ ಆಫ್ ಇಂಡಿಯಾದಲ್ಲಿದ್ದರು. ಅದರ ಮುಖ್ಯ ಕಚೇರಿ ಕಲ್ಕತ್ತದ ಚೌರಂಗಿಯಲ್ಲಿದೆ. ತೀರ್ಥಹಳ್ಳಿ ಕಡೆಯ ಹಳ್ಳಿಯಿಂದ ಹೋದವರು ನಿವೃತ್ತಿಯಾದ ಮೇಲೂ ಊರಿಗೆ ಮರಳಲಿಲ್ಲ. 1974ರಲ್ಲಿ ಲೇಕ್ ಗಾರ್ಡನ್ಸ್‌ನ ಒಂದು ಓಣಿಯಲ್ಲಿ ಎರಡಂತಸ್ತಿನ ಹಳೆಯ ಮನೆ ಕೊಂಡಿದ್ದರು. ಜಾಗ ಎರಡೂವರೆ ಕಾಠಾ. ಬಂಗಾಳದ ಲೆಕ್ಕದಲ್ಲಿ ಒಂದು ಕಾಠಾ ಎಂದರೆ 720 ಚದರಡಿ. ಮಳೆ ನಿಂತ ಮೇಲೆ ಅಪ್ಪ ಕ್ಯಾಂಪಿಗೆ ಹೋದರೆ ಬೇಸಿಗೆಗೇ ಬರುತ್ತಿದ್ದದ್ದು. ಆ ತಿಂಗಳುಗಳಲ್ಲಿ ಮನೆ ನಡೆಸಿದವಳು ಅಮ್ಮ. ಅವಳು ಬಂಗಾಳಿ ಕಲಿತಿದ್ದು ಮೀನಿನವನನ್ನು ಬಾಗಿಲಿಂದ ವಾಪಸು ಕಳಿಸುವುದಕ್ಕಾಗಿ. ಆಮೇಲೆ ಓಣಿಯವರೆಲ್ಲರಿಗೂ ಅವಳು ಮಾಶಿಮಾ, ಎಂದರೆ ಚಿಕ್ಕಮ್ಮ, ಆದಳು.

ಅಪ್ಪ 2011ರಲ್ಲಿ ತೀರಿಕೊಂಡರು. ತಮ್ಮ ಅಮೆರಿಕದ ಹ್ಯೂಸ್ಟನ್‌ನಲ್ಲಿದ್ದ. ನಾನು ಬೆಂಗಳೂರಿನ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಅಮ್ಮ ನಮ್ಮಿಬ್ಬರ ಹತ್ತಿರವೂ ಬರಲು ಒಪ್ಪಲಿಲ್ಲ. ಒಬ್ಬಳೇ ಇದ್ದಳು.

2020ರ ಮೇ 20ರಂದು ಅಂಫನ್ ಚಂಡಮಾರುತ ಬಂತು. ಲಾಕ್‌ಡೌನ್ ಇತ್ತು, ನಾನು ಹೋಗುವಂತಿರಲಿಲ್ಲ. ಸಂಜೆ ಏಳರ ಹೊತ್ತಿಗೆ ಅಮ್ಮನ ಫೋನು ಸತ್ತಿತು. ಆಮೇಲೆ ಕೆಲವು ದಿನ ಯಾರೂ ಸಿಗಲಿಲ್ಲ. ಟಿವಿಯಲ್ಲಿ ದಕ್ಷಿಣ ಕಲ್ಕತ್ತದ ಬೀದಿಗಳಲ್ಲಿ ಮರಗಳು ಉರುಳಿ ಬಿದ್ದಿದ್ದನ್ನು ತೋರಿಸುತ್ತಿದ್ದರು. ಕಡೆಗೆ ಪಕ್ಕದ ಮನೆಯ ಡಾಕ್ಟರ್‌ಬಾಬು ಎಲ್ಲಿಂದಲೋ ಫೋನ್ ಮಾಡಿದರು. ಅಮ್ಮ ಇದ್ದಾಳೆ ಎಂದರು. ಮಹಡಿಯ ಕಿಟಕಿ ಕಿತ್ತುಹೋಗಿತ್ತು. ರಾತ್ರಿಯಿಡೀ ಅಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಕರೆಂಟಿಲ್ಲ, ಪಂಪಿಲ್ಲ, ನೀರಿಲ್ಲ. ಡಾಕ್ಟರ್‌ಬಾಬು ತಮ್ಮ ಮನೆಯ ಕೊಳವೆಬಾವಿಯಿಂದ ಅವಳಿಗೆ ಬಕೆಟ್‌ನಲ್ಲಿ ನೀರು ಕಳಿಸಿದ್ದರು. ಅವರಿಗೆ ಆಗಲೇ ಎಂಬತ್ತೈದು. ಅವರ ಹೆಸರು ನಮ್ಮ ಅಪ್ಪನ ಉಯಿಲಿನಲ್ಲೂ ಇತ್ತು. ಅದು ನನಗೆ ಆಗ ನೆನಪಿರಲಿಲ್ಲ.

ಮರುವರ್ಷ ಅಮ್ಮ ಗ್ಯಾಸ್ ಆರಿಸುವುದನ್ನು ಮರೆಯತೊಡಗಿದಳು. 2022ರ ಜನವರಿಯಲ್ಲಿ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು. ನಾನು ಸಂಬಳವಿಲ್ಲದ ರಜೆ ಹಾಕಿ ಹೋದೆ. ಹಗಲಿಗೊಬ್ಬಳು, ರಾತ್ರಿಗೊಬ್ಬಳು ಆಯಾ ಬಂದರು. ಆಸ್ಪತ್ರೆಯಿಂದ ಬಂದ ಒಂದು ಮಧ್ಯಾಹ್ನ ಅಮ್ಮ ತಾನಾಗಿಯೇ ಮಾತು ತೆಗೆದಳು.

'ಪುಟ್ಟೀ, ಈ ಮನೆ ಮಾರುವುದಾದರೆ ನಾನಿರುವಾಗಲೇ ಮಾರಿಬಿಡು. ನಾನು ಹೋದಮೇಲೆ ನೀವಿಬ್ಬರೂ ಬಂದು ಇಲ್ಲಿ ಅಲೆಯುವುದು ಬೇಡ.'

ಅವತ್ತು ಅವಳ ತಲೆ ಸ್ಪಷ್ಟವಾಗಿತ್ತು. ಮುಂದೆ ನಡೆದದ್ದಕ್ಕೆಲ್ಲ ನನಗಿದ್ದ ಆಧಾರ ಆ ಮಾತೊಂದೇ.

ವಕೀಲರ ಬಳಿ ಹೋದೆ. ವಯಸ್ಸಾದ ಬಂಗಾಳಿ, ನಿಧಾನ ಮಾತಿನವರು. ಅಪ್ಪ 1998ರಲ್ಲಿ ಟೈಪು ಮಾಡಿಸಿದ್ದ ಉಯಿಲನ್ನು ಎರಡು ಸಲ ಓದಿದರು. ಮನೆ ಅಮ್ಮನಿಗೆ, ಉಯಿಲು ಜಾರಿ ಮಾಡುವವಳು ನಾನು, ಸಾಕ್ಷಿಗಳು ಇಬ್ಬರು. ನಮ್ಮ ಊರಲ್ಲಾದರೆ ಇಷ್ಟು ಸಾಕಿತ್ತು. ಅವರು ಕನ್ನಡಕ ತೆಗೆದು, ಇದಕ್ಕೆ ಪ್ರೊಬೇಟ್ ಬೇಕು ಎಂದರು. 1925ರ ಇಂಡಿಯನ್ ಸಕ್ಸೆಷನ್ ಆಕ್ಟ್ ಪ್ರಕಾರ ಹಿಂದೂಗಳ ಉಯಿಲಿಗೆ ಕೋರ್ಟಿನ ಮುದ್ರೆ ಕಡ್ಡಾಯವಾಗಿದ್ದದ್ದು ಬ್ರಿಟಿಷರ ಕಾಲದ ಬಂಗಾಳ ಪ್ರಾಂತದಲ್ಲಿ, ಮತ್ತು ಮದ್ರಾಸು, ಬೊಂಬಾಯಿ ನಗರಗಳಲ್ಲಿ. ಅಲ್ಲಿರುವ ಸ್ಥಿರಾಸ್ತಿಗೂ ಅದೇ ನಿಯಮ. ಬೆಂಗಳೂರಿಗೆ ಬೇಡ, ಮೈಸೂರಿಗೆ ಬೇಡ, ಶಿವಮೊಗ್ಗಕ್ಕೆ ಬೇಡ. ಲೇಕ್ ಗಾರ್ಡನ್ಸ್‌ಗೆ ಬೇಕು.

ಉಯಿಲೇ ಇಲ್ಲ ಎಂದುಕೊಂಡು, ಅಮ್ಮ, ನಾನು, ತಮ್ಮ ಮೂವರೂ ವಾರಸುದಾರರಾಗಿ ಸಹಿ ಹಾಕಿ ಮಾರಬಾರದೇ ಎಂದು ಕೇಳಿದೆ. ಹಾಗೆ ಮಾಡುವವರು ಇದ್ದಾರಂತೆ. ಆದರೆ ಅಪ್ಪ ತೀರಿದಾಗ ಬ್ಯಾಂಕಿಗೆ ಆ ಉಯಿಲಿನ ಪ್ರತಿ ಕೊಟ್ಟಿದ್ದೆವು. ಇರುವ ಉಯಿಲನ್ನು ಇಲ್ಲವೆಂದು ಪ್ರಮಾಣ ಮಾಡಬೇಡಿ ಎಂದರು.

ಆಮೇಲೆ ಅಮ್ಮನ ವಿಷಯ ಕೇಳಿದರು. ಮರೆವು ಶುರುವಾಗಿದೆ ಎಂದೆ. ಅವರು ಪೆನ್ನು ಕೆಳಗಿಟ್ಟರು. ಪ್ರೊಬೇಟ್ ಬಂದ ಮೇಲೆ ಮನೆ ಅಮ್ಮನ ಹೆಸರಿಗೆ ಬರುತ್ತದೆ. ಮಾರುವವಳು ಅಮ್ಮನೇ. ಅಷ್ಟರೊಳಗೆ ಅವಳ ತಿಳಿವಳಿಕೆ ಪೂರ್ತಿ ಹೋಗಿದ್ದರೆ ಅವಳ ಸಹಿ ನಡೆಯುವುದಿಲ್ಲ. ಈಗಲೇ ನನಗೆ ಮುಖ್ತಾರ್‌ನಾಮೆ ಬರೆಸಿಕೊಂಡರೂ, ಕೊಟ್ಟವರ ಬುದ್ಧಿ ಹೋದ ದಿನ ಅದೂ ಬಿದ್ದುಹೋಗುತ್ತದೆ. ಆಮೇಲೆ ಉಳಿಯುವುದು ಗಾರ್ಡಿಯನ್ ಆಗಲು ಇನ್ನೊಂದು ಕೋರ್ಟ್ ಅರ್ಜಿ. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎಷ್ಟು ಬೇಗ ಕಾಗದ ಬರುತ್ತದೆ, ಎಷ್ಟು ಬೇಗ ಅಮ್ಮ ಮರೆಯುತ್ತಾಳೆ ಎಂದು ಲೆಕ್ಕ ಹಾಕುತ್ತಿದ್ದೆ. ಅದನ್ನು ನಾನು ಲೆಕ್ಕ ಹಾಕಿದೆ ಎಂಬುದನ್ನು ಬರೆಯಲೇಬೇಕು.

ಮಳೆಗಾಲ ಶುರುವಾಗುವ ಹೊತ್ತಿಗೆ ಅರ್ಜಿ ಹಾಕಿದೆವು. ಹನ್ನೊಂದು ವರ್ಷ ಯಾಕೆ ತಡವಾಯಿತೆಂದು ಅದರಲ್ಲಿ ವಿವರಿಸಬೇಕಿತ್ತು. ಅಮ್ಮ ಅದೇ ಮನೆಯಲ್ಲಿದ್ದಳು, ಯಾರೂ ಕೇಳಲಿಲ್ಲ, ಕಂದಾಯದ ರಸೀದಿ ಅಪ್ಪನ ಹೆಸರಲ್ಲೇ ಬರುತ್ತಿತ್ತು. ಇದ್ದದ್ದನ್ನೇ ಬರೆದೆವು. ವಾರಸುದಾರರಿಗೆಲ್ಲ ಕೋರ್ಟಿನ ನೋಟಿಸು ಹೋಗಬೇಕು. ತಮ್ಮ ತನ್ನ ತಕರಾರಿಲ್ಲ ಎಂದು ಹ್ಯೂಸ್ಟನ್‌ನ ಭಾರತೀಯ ಕಾನ್ಸುಲೇಟಿನಲ್ಲಿ ಸಹಿ ದೃಢಪಡಿಸಿ ಕಳಿಸಿದ. ಪತ್ರಿಕೆಯಲ್ಲಿ ಪ್ರಕಟಣೆ ಬಂತು. ಆಸ್ತಿಯ ಬೆಲೆ ಕಟ್ಟಿಸಬೇಕಾಯಿತು. ದುರ್ಗಾಪೂಜೆಯ ಕಾಲಕ್ಕೆ ಕೋರ್ಟು ತಿಂಗಳ ಹತ್ತಿರ ಮುಚ್ಚಿತು. ನನ್ನನ್ನು ವಕೀಲರಿಗಿಂತ ಹೆಚ್ಚು ನಡೆಸಿದವರು ಅವರ ಮುಹುರಿ, ಎಂದರೆ ಗುಮಾಸ್ತರು. ಯಾವ ಕಾಗದ ಯಾವ ಮೇಜಿನಲ್ಲಿದೆ ಎಂಬುದು ಅವರಿಗೊಬ್ಬರಿಗೇ ಗೊತ್ತಿತ್ತು. ಟೀ ತರಿಸಿಕೊಡುತ್ತಿದ್ದರು. ಅದರ ದುಡ್ಡು ಕೊಡಲು ಎಂದೂ ಬಿಡಲಿಲ್ಲ.

ಮನೆ ಮಾರುವ ಸುದ್ದಿಯನ್ನು ನಾನು ಯಾರಿಗೂ ಹೇಳಿರಲಿಲ್ಲ. ಆದರೂ ಓಣಿಗೆ ಗೊತ್ತಾಯಿತು. ಕಲ್ಕತ್ತದಲ್ಲಿ ಹಳೆಯ ಮನೆ ಕೆಡವಿ ಫ್ಲ್ಯಾಟ್ ಕಟ್ಟುವವನಿಗೆ ಪ್ರೊಮೋಟರ್ ಎನ್ನುತ್ತಾರೆ. ಅವರ ಕಡೆಯ ದಲ್ಲಾಳಿಗಳು ಬಂದು ಬಾಗಿಲು ತಟ್ಟಿದರು. ಅವರಿಗೆ ಇಲ್ಲ ಎನ್ನುವುದು ಕಷ್ಟವಿರಲಿಲ್ಲ. ಆಮೇಲೆ ಬೇರೆಯವರು ಬಂದರು. ಮೂರ್ನಾಲ್ಕು ಯುವಕರು, ಸಂಜೆ ಹೊತ್ತು, ಮನೆಯೆದುರಿನ ಕಟ್ಟೆಯಲ್ಲಿ ಕೂರತೊಡಗಿದರು. ಒಬ್ಬ ಬಹಳ ಮರ್ಯಾದೆಯಿಂದ ಹೇಳಿದ: ದಿದಿ, ಯಾರಿಗೆ ಮಾರುತ್ತೀರೆಂದು ನಮಗೆ ಮೊದಲು ತಿಳಿಸಿ, ಮರಳು ಇಟ್ಟಿಗೆ ನಾವು ಹಾಕುತ್ತೇವೆ, ಹೊರಗಿನವರಿಗೆ ಕೊಟ್ಟರೆ ಮಾಶಿಮಾಗೆ ತೊಂದರೆಯಾದೀತು. ಬೈಯಲಿಲ್ಲ, ಕೈ ಎತ್ತಲಿಲ್ಲ. ಆದರೆ ಅದಾದ ಮೇಲೆ ಕತ್ತಲಾದರೆ ನಾನು ಗೇಟಿಗೆ ಎರಡು ಬೀಗ ಹಾಕುತ್ತಿದ್ದೆ. ಒಂದು ರಾತ್ರಿ ಮಹಡಿಯ ಕಿಟಕಿಗೆ ಯಾರೋ ಕಲ್ಲು ಹೊಡೆದರು. ಯಾರೆಂದು ನಾನು ನೋಡಲಿಲ್ಲ. ಅವರೇ ಎಂದು ಹೇಳಲಾರೆ. ರಾತ್ರಿ ಆಯಾ ತನ್ನ ಹಾಸಿಗೆಯನ್ನು ಬಾಗಿಲ ಬಳಿಗೆ ಎಳೆದುಕೊಂಡು ಮಲಗಿದಳು. ನಾನು ಹಾಗೆ ಮಾಡೆಂದು ಕೇಳಿರಲಿಲ್ಲ.

ನಮ್ಮ ಮನೆಯಲ್ಲಿ ಬಾಡಿಗೆದಾರರಿರಲಿಲ್ಲ. ಅದೊಂದು ದೊಡ್ಡ ಪುಣ್ಯ. ಅದೇ ಓಣಿಯಲ್ಲಿ ನಲವತ್ತು ವರ್ಷದ ಹಿಂದಿನ ಬಾಡಿಗೆಯನ್ನೇ ರೆಂಟ್ ಕಂಟ್ರೋಲ್ ಕಚೇರಿಗೆ ಕಟ್ಟುತ್ತ ಕೂತವರಿದ್ದರು. ಅಂಥ ಮನೆಗಳ ಒಡೆಯರು ಮಾರುವ ಮಾತನ್ನೇ ಬಿಟ್ಟಿದ್ದರು.

ಮನೆ ಖಾಲಿ ಮಾಡುವ ಕೆಲಸ ಕೋರ್ಟಿನ ದಿನಗಳ ನಡುವೆ ನಡೆಯಿತು. ಅಪ್ಪನ ಟ್ರಂಕುಗಳಲ್ಲಿ ಕಲ್ಲಿನ ತುಂಡುಗಳಿದ್ದವು. ಒಂದೊಂದಕ್ಕೂ ಚೀಟಿ ಅಂಟಿಸಿ ಊರು, ತಾರೀಖು ಬರೆದಿದ್ದರು. ಮೂವತ್ತು ವರ್ಷದ ಕಸ್ತೂರಿ, ಸುಧಾ, ಮಯೂರ ಕಟ್ಟು ಕಟ್ಟಿಟ್ಟಿದ್ದರು. ಊರಿಂದ ಬಂದವರ ಕೈಯಲ್ಲಿ ತರಿಸಿಕೊಂಡಿದ್ದವು. ಕನ್ನಡ ಓದುವವರು ಸಿಕ್ಕಿದಷ್ಟು ಒಯ್ದರು. ಉಳಿದದ್ದನ್ನು ಹಳೆಯ ಕಾಗದ ಕೊಳ್ಳುವ ಬಿಕ್ರಿವಾಲಾ ತಕ್ಕಡಿಯಲ್ಲಿ ತೂಗಿದ. ಕಾಗದದ ಬೆಲೆ ಇಂಗ್ಲಿಷಿಗೂ ಕನ್ನಡಕ್ಕೂ ಒಂದೇ ಎಂದ. ತೇಗದ ಅಲ್ಮೆರಾ ಮತ್ತು ಅಪ್ಪನ ಬರೆಯುವ ಮೇಜು ರಸೆಲ್ ಬೀದಿಯ ಹರಾಜಿಗೆ ಹೋದವು. ಹರಾಜಿನ ದಿನ ನಾನು ಹೋಗಲಿಲ್ಲ. ದುಡ್ಡು ಬಂತು.

ಅಮ್ಮ ಹಗಲು ಸುಮ್ಮನೆ ನೋಡುತ್ತ ಕೂರುತ್ತಿದ್ದಳು. ರಾತ್ರಿ ಕೋಲು ಹಿಡಿದು ಎದ್ದು, ಪೆಟ್ಟಿಗೆಗೆ ತುಂಬಿದ್ದ ಪಾತ್ರೆಗಳನ್ನು ತೆಗೆದು ಅಡುಗೆಮನೆಯ ಗೂಡಿನಲ್ಲಿ ಮೊದಲಿನ ಜಾಗಕ್ಕೇ ಜೋಡಿಸುತ್ತಿದ್ದಳು. ಅರ್ಧ ಶತಮಾನದ ಜಾಗ. ಅದನ್ನು ಮಾತ್ರ ಮರೆತಿರಲಿಲ್ಲ. ಬೆಳಿಗ್ಗೆ ನಾನೂ ಆಯಾಳೂ ಮತ್ತೆ ತುಂಬುತ್ತಿದ್ದೆವು. ಕೊನೆಗೆ ಅಡುಗೆಮನೆಯನ್ನು ಕಟ್ಟಕಡೆಗೆ ಬಿಟ್ಟೆವು.

ಗೋಡೆಗಳಿಗೆ ಕೆಳಗಿನಿಂದ ಉಪ್ಪು ಹಿಡಿದು ಗಾರೆ ಉದುರುತ್ತಿತ್ತು. ಕಲ್ಕತ್ತದ ಹಳೆಯ ಇಟ್ಟಿಗೆ ಮನೆಗಳಲ್ಲಿ ಅದು ಮಾಮೂಲು. ನೋನಾ ಎನ್ನುತ್ತಾರೆ. ಬಣ್ಣ ಹೊಡೆಸೋಣವೆಂದಿದ್ದೆ. ಡಾಕ್ಟರ್‌ಬಾಬು ಬೇಡವೆಂದರು. ಹೊಸ ಬಣ್ಣ ಕಂಡರೆ ಕೊಳ್ಳುವವನಿಗೆ ಅನುಮಾನ, ಇರುವ ಹಾಗೇ ತೋರಿಸಿ ಎಂದರು. ಅದು ಒಳ್ಳೆಯ ಸಲಹೆ. ಖರ್ಚೂ ಉಳಿಯಿತು.

ನನ್ನ ದೊಡ್ಡ ಹೆದರಿಕೆ ಡಾಕ್ಟರ್‌ಬಾಬು ಅವರದೇ ಆಗಿತ್ತು. ಉಯಿಲಿನ ಸಾಕ್ಷಿಗಳಲ್ಲಿ ಒಬ್ಬರು ಅಪ್ಪನ ಸಹೋದ್ಯೋಗಿ. ಅವರು ತೀರಿಕೊಂಡಿದ್ದರು. ಉಳಿದವರು ಇವರೊಬ್ಬರೇ. ಸಾಕ್ಷಿ ಬದುಕಿದ್ದರೆ ಕನಿಷ್ಠ ಒಬ್ಬರಾದರೂ ಬಂದು, ನನ್ನೆದುರೇ ಸಹಿ ಹಾಕಿದರು ಎಂದು ಹೇಳಬೇಕು. ಇಬ್ಬರೂ ಇಲ್ಲವಾದರೆ ಅಕ್ಷರ ಗುರುತಿಸುವವರನ್ನು ಹುಡುಕಬೇಕು. 2023ರ ಆರಂಭದ ಚಳಿಗಾಲದಲ್ಲಿ ಅವರಿಗೆ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದರು. ನಾನು ನೋಡಲು ಹೋದೆ. ಹಾಸಿಗೆಯ ಪಕ್ಕ ಕೂತಾಗ ಎದ್ದ ಮೊದಲ ಯೋಚನೆ ಅವರ ಆರೋಗ್ಯದ್ದಲ್ಲ, ಸಾಕ್ಷಿಯದು. ಅವರಿಗೆ ಅದು ಗೊತ್ತಾಗಿತ್ತು. ನನ್ನ ಕೈ ಮೇಲೆ ಕೈಯಿಟ್ಟು, ತಾರೀಖು ಯಾವಾಗ ಎಂದು ಕೇಳಿದರು.

ಅವರು ಗುಣವಾದರು. ಅವರ ಮನೆಗೇ ಕಮಿಷನರ್ ಕಳಿಸಿ ಹೇಳಿಕೆ ಪಡೆಯಬಹುದೆಂದು ವಕೀಲರು ಹೇಳಿದರು. ಡಾಕ್ಟರ್‌ಬಾಬು ಒಪ್ಪಲಿಲ್ಲ. ಧೋತಿ ಉಟ್ಟು, ಮಗನ ಕೈ ಹಿಡಿದು ಕೋರ್ಟಿಗೆ ಬಂದರು. ಲಿಫ್ಟ್ ಇರಲಿಲ್ಲ. ಮೆಟ್ಟಿಲ ತಿರುವಿನಲ್ಲಿ ನಿಂತು ನಿಂತು ಹತ್ತಿದರು. ನ್ಯಾಯಾಧೀಶರು ಅವರನ್ನು ನೋಡಿ ಕುರ್ಚಿ ತರಿಸಿದರು, ಮೊದಲು ನಮ್ಮ ಪ್ರಕರಣವನ್ನೇ ಕರೆಸಿದರು. ಅಪ್ಪ ಸಹಿ ಹಾಕಿದ್ದನ್ನು ನೋಡಿದಿರಾ? ನೋಡಿದೆ. ನೀವು ಸಹಿ ಹಾಕಿದ್ದನ್ನು ಅವರು ನೋಡಿದರಾ? ನೋಡಿದರು. ಆಗ ಅವರ ಮನಸ್ಸು ಸ್ವಸ್ಥವಾಗಿತ್ತೇ? ನನ್ನದಕ್ಕಿಂತ ಚೆನ್ನಾಗಿತ್ತು ಎಂದರು. ಬೇಗ ಮುಗಿಯಿತು. ಕೆಳಗಿಳಿದು ಬಂದು ಒಂದು ಗ್ಲೂಕೋಸ್ ಬಿಸ್ಕತ್ತು ತಿಂದರು.

ಆ ವರ್ಷದ ಪೂಜೆ ಮುಗಿದ ಮೇಲೆ ಪ್ರೊಬೇಟ್ ಕೈಗೆ ಬಂತು. ಆಮೇಲೆ ಕಾರ್ಪೊರೇಷನ್ನಿನಲ್ಲಿ ಮ್ಯುಟೇಶನ್ ಮಾಡಿಸಿ ಅಮ್ಮನ ಹೆಸರು ಏರಿಸಿದೆವು. ಅದರ ಬಗ್ಗೆ ಹೇಳುವಂಥದ್ದೇನಿಲ್ಲ. ಅರ್ಜಿ, ಬಾಕಿ ಕಂದಾಯ, ರಸೀದಿ.

ಒಬ್ಬ ಪ್ರೊಮೋಟರ್ ಜತೆ ಬೆಲೆಯ ಮಾತು ಮುಗಿದಿತ್ತು. 2024ರ ಮಾರ್ಚ್ 17ರ ರಾತ್ರಿ ನಗರದ ಗಾರ್ಡನ್ ರೀಚ್‌ನಲ್ಲಿ ಕಟ್ಟುತ್ತಿದ್ದ ಐದಂತಸ್ತಿನ ಕಟ್ಟಡ ಪಕ್ಕದ ಮನೆಗಳ ಮೇಲೆ ಕುಸಿಯಿತು. ಜನ ಸತ್ತರು. ಅಕ್ರಮ ಕಟ್ಟಡವೆಂದು ಊರೆಲ್ಲ ಗದ್ದಲವಾಯಿತು. ನಮ್ಮ ಓಣಿ ಕಿರಿದು. ಇಂಥ ಓಣಿಯಲ್ಲಿ ಪ್ಲಾನು ಈಗ ಪಾಸಾಗುವುದು ಕಷ್ಟ ಎಂದು ಆತ ಹಿಂದೆ ಸರಿದ. ನನಗೆ ಕೋಪ ಬರಲಿಲ್ಲ. ಅವತ್ತಿನ ಪತ್ರಿಕೆ ನೋಡಿದವರಿಗೆ ಬರುವಂತಿರಲಿಲ್ಲ.

ಆಮೇಲೆ ಡಾಕ್ಟರ್‌ಬಾಬು ಮಗನ ಮೂಲಕ ಒಂದು ಕುಟುಂಬ ಬಂತು. ಕೆಡವುವುದಿಲ್ಲ, ರಿಪೇರಿ ಮಾಡಿಸಿ ವಾಸಿಸುತ್ತೇವೆ ಎಂದರು. ಪ್ರೊಮೋಟರ್ ಹೇಳಿದ್ದಕ್ಕಿಂತ ಕಡಿಮೆ ಬೆಲೆ. ತಮ್ಮನೂ ನಾನೂ ಫೋನಿನಲ್ಲಿ ಮಾತಾಡಿ ಒಪ್ಪಿದೆವು. ಅವರ ಬ್ಯಾಂಕಿನ ವಕೀಲರು ಮೊದಲು ಕೇಳಿದ ಕಾಗದ ಪ್ರೊಬೇಟೇ. ಮರಳು ಇಟ್ಟಿಗೆಯ ಕೆಲಸವಿಲ್ಲವೆಂದು ತಿಳಿದ ಮೇಲೆ ಕಟ್ಟೆಯ ಹುಡುಗರು ಬರುವುದನ್ನು ನಿಲ್ಲಿಸಿದರು.

ಕೊಳ್ಳುವವರಿಗೆ ಅವಸರವಿತ್ತು. ಕೋವಿಡ್ ಕಾಲದಲ್ಲಿ, 2021ರ ಜುಲೈಯಲ್ಲಿ, ಪಶ್ಚಿಮ ಬಂಗಾಳ ಸರ್ಕಾರ ಮುದ್ರಾಂಕ ಶುಲ್ಕದಲ್ಲಿ ಶೇ. 2 ರಿಯಾಯಿತಿ ಕೊಟ್ಟಿತ್ತು, ಸರ್ಕಾರಿ ದರವನ್ನೂ ಶೇ. 10 ಇಳಿಸಿತ್ತು. ಅದು 2024ರ ಜೂನ್ 30ಕ್ಕೆ ಮುಗಿಯುವುದಿತ್ತು. ನನಗೂ ಅವಸರವಿತ್ತು. ಕಾರಣ ಬೇರೆ.

ಅಮ್ಮ ಆ ಹೊತ್ತಿಗೆ ನನ್ನನ್ನು ಒಮ್ಮೊಮ್ಮೆ ತನ್ನ ತಂಗಿಯೆಂದು ತಿಳಿಯುತ್ತಿದ್ದಳು. ಮನೋವೈದ್ಯರ ಬಳಿ ಕರೆದೊಯ್ದೆ. ಅವರು ಸುಳ್ಳು ಬರೆಯುವವರಲ್ಲ. ಸಾಮಾನ್ಯವಾಗಿ ಮರೆವಿರುವವರೂ ತಿಳಿವು ಇರುವ ಗಳಿಗೆಯಲ್ಲಿ ಮಾಡಿದ ಕರಾರು ಕಾನೂನಿಗೆ ಒಪ್ಪಿತ, ಬೆಳಗಿನ ಹೊತ್ತು ನಿಮ್ಮ ತಾಯಿ ಚೆನ್ನಾಗಿರುತ್ತಾರೆ, ಸಹಿಯ ದಿನ ನಾನೇ ಬಂದು ನೋಡುತ್ತೇನೆ, ಸರಿಯಿದ್ದರೆ ಬರೆದುಕೊಡುತ್ತೇನೆ, ಇಲ್ಲವಾದರೆ ಇಲ್ಲ ಎಂದರು. ನಾನು ದಿನಾ ಬೆಳಿಗ್ಗೆ ಕಾಫಿ ಕೊಡುವಾಗ ಅಮ್ಮನಿಗೆ ಹೇಳುತ್ತಿದ್ದೆ: ಈ ಮನೆ ಮಾರುತ್ತಿದ್ದೇವೆ, ಇಂಥವರು ಕೊಳ್ಳುತ್ತಾರೆ, ನೀನು ನನ್ನ ಜತೆ ಬೆಂಗಳೂರಿಗೆ ಬರುತ್ತೀ. ಪ್ರತಿ ಸಲವೂ ಅವಳಿಗೆ ಅದು ಹೊಸ ಸುದ್ದಿ. ಕೆಲವು ದಿನ 'ಆಯ್ತು' ಎನ್ನುತ್ತಿದ್ದಳು. ಕೆಲವು ದಿನ ಅಳುತ್ತಿದ್ದಳು. ಅತ್ತ ದಿನವೂ ಮರುದಿನ ಹೇಳಿದೆ. ಹೇಳದೆ ಸಹಿ ಹಾಕಿಸುವುದು ನನ್ನಿಂದಾಗುತ್ತಿರಲಿಲ್ಲ.

ನಡೆಯಲಾಗದವರ ಮನೆಗೆ ರಿಜಿಸ್ಟ್ರಾರ್ ಕಚೇರಿಯವರೇ ಬರುತ್ತಾರೆ. ಅದಕ್ಕೆ ಅರ್ಜಿ, ಶುಲ್ಕ ಇದೆ. ಜೂನ್ ಕೊನೆಯ ವಾರದ ಒಂದು ಬೆಳಿಗ್ಗೆ ಬಂದರು. ಮನೋವೈದ್ಯರು ಮೊದಲೇ ಬಂದು ಅಮ್ಮನ ಜತೆ ಒಬ್ಬರೇ ಮಾತಾಡಿ ಹೊರಗೆ ಬಂದು ತಲೆಯಾಡಿಸಿದರು. ಅಧಿಕಾರಿ ಹೆಂಗಸು. ಅಮ್ಮನ ಎದುರು ಬೆತ್ತದ ಮೋಡಾ ಹಾಕಿಕೊಂಡು ಕೂತು ಬಂಗಾಳಿಯಲ್ಲಿ ಕೇಳಿದರು: ಮಾಶಿಮಾ, ಇವತ್ತು ಏನು ಮಾಡುತ್ತಿದ್ದೀರಿ? ಅಮ್ಮ ಬಂಗಾಳಿಯಲ್ಲೇ, ಮನೆ ಬಿಕ್ರಿ ಮಾಡುತ್ತಿದ್ದೇನೆ ಎಂದಳು. ಯಾಕೆ? ನನ್ನಿಂದ ನೋಡಿಕೊಳ್ಳಲು ಆಗುವುದಿಲ್ಲ, ಮಗಳ ಹತ್ತಿರ ಹೋಗುತ್ತೇನೆ. ಯಾರಾದರೂ ಬಲವಂತ ಮಾಡಿದರಾ? ಅಮ್ಮ ನನ್ನ ಕಡೆ ನೋಡಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದಳು. ನನ್ನ ಕಿವಿಯಲ್ಲಿ ರಕ್ತ ಬಡಿಯುವುದು ಕೇಳುತ್ತಿತ್ತು. ಇಲ್ಲ, ನಾನೇ ಹೇಳಿದ್ದು ಎಂದಳು.

ಅಲ್ಲಿ ಕ್ರಯಪತ್ರಕ್ಕೆ ಸಹಿಯ ಜತೆ ಎರಡೂ ಕೈಯ ಹತ್ತೂ ಬೆರಳಿನ ಗುರುತು ಒತ್ತಬೇಕು. ಅಮ್ಮನ ಬೆರಳ ಗೆರೆಗಳು ಸವೆದಿದ್ದವು. ಗುಮಾಸ್ತ ಒಂದೊಂದೇ ಬೆರಳನ್ನು ಮಸಿಯಲ್ಲಿ ಅದ್ದಿ, ಹಿಡಿದು, ಹಗೂರ ಉರುಳಿಸಿದ. ಕೆಲವನ್ನು ಮತ್ತೆ ಒತ್ತಿಸಿದ. ಎಲ್ಲ ಮುಗಿದ ಮೇಲೆ ಆಯಾ ತೆಂಗಿನೆಣ್ಣೆ ಹಚ್ಚಿ ಕೈ ತೊಳೆದಳು. ಮಧ್ಯಾಹ್ನ ಊಟಕ್ಕೆ ಕೂತಾಗ ಅಮ್ಮ ಕೈ ನೋಡಿಕೊಂಡು, ಇದೇನು ಕಪ್ಪು ಎಂದು ಕೇಳಿದಳು. ಹೇಳಿದೆ. 'ಹೌದಾ?' ಎಂದಳು. ಬೆಳಿಗ್ಗೆ ಅವಳಿಗೆ ತಿಳಿದಿತ್ತೆಂದು ನಾನು ಯಾರೆದುರಾದರೂ ಹೇಳಬಲ್ಲೆ. ಮಧ್ಯಾಹ್ನ ತಿಳಿದಿರಲಿಲ್ಲ ಎಂಬುದೂ ನಿಜ.

ಜುಲೈಯಲ್ಲಿ ಹೊರಟೆವು. ಆಯಾಗೆ ಮೂರು ತಿಂಗಳ ಸಂಬಳ ಹೆಚ್ಚಿಗೆ ಕೊಟ್ಟೆ. ನಮ್ಮ ಮನೆ ಮಾರಿದ್ದರಿಂದ ಅವಳ ಕೆಲಸ ಹೋಯಿತು. ಅದಕ್ಕೆ ನನ್ನ ಬಳಿ ಬೇರೆ ಪರಿಹಾರವಿರಲಿಲ್ಲ. ಅಮ್ಮ ಬೆಂಗಳೂರಿನಲ್ಲಿ ಹತ್ತು ತಿಂಗಳು ಬದುಕಿದಳು. ಇಲ್ಲಿನ ಹಾಲಿನವನ ಜತೆಯೂ ಬಂಗಾಳಿಯಲ್ಲಿ ಮಾತಾಡುತ್ತಿದ್ದಳು. ಡಾಕ್ಟರ್‌ಬಾಬು ಇದ್ದಾರೆ. ತೊಂಬತ್ತು ದಾಟಿದೆ.

2025ರ ಡಿಸೆಂಬರಿನಲ್ಲಿ ಸಂಸತ್ತು ಸಕ್ಸೆಷನ್ ಆಕ್ಟಿನ 213ನೇ ಸೆಕ್ಷನ್ನನ್ನು ತೆಗೆದುಹಾಕಿತು. ನಮಗೆ ಪ್ರೊಬೇಟ್ ಕಡ್ಡಾಯ ಮಾಡಿದ್ದು ಅದೇ. ಆದರೆ ಉಯಿಲಿಗೆ ಇಬ್ಬರು ಸಾಕ್ಷಿಗಳು ಇಂದಿಗೂ ಬೇಕು. ತಕರಾರು ಬಂದರೆ ಅವರಲ್ಲಿ ಒಬ್ಬರು ಬಂದು ಹೇಳಲೂ ಬೇಕು. ಕಲ್ಕತ್ತದಲ್ಲಾಗಲಿ, ಊರಲ್ಲಾಗಲಿ, ಮನೆ ಇರುವವರಲ್ಲಿ ಒಂದು ವಿನಂತಿ: ಉಯಿಲು ಬರೆಯುವಾಗ ಸಾಕ್ಷಿಗೆ ನಿಮಗಿಂತ ಇಪ್ಪತ್ತು ವರ್ಷ ಚಿಕ್ಕವರನ್ನು ಕರೆಯಿರಿ.